ಕಳೆದುಹೋದ 35 ಅಂಕಗಳ ಪಟ್ಟಿ

ಮಗಳಿಗೆ ಓದಿನಲ್ಲಿ ಏಕಾಗ್ರತೆಯಿಲ್ಲ, ಪರೀಕ್ಷೆಯ ಹಿಂದಿನ ದಿನ ಹೊಟ್ಟೆನೋವೆಂದು ಮಲಗುತ್ತಾಳೆ, ಈಚೆಗೆ ಸುಳ್ಳು ಹೇಳುವುದನ್ನೂ ಕಲಿತಿದ್ದಾಳೆ. ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದ ತಂದೆಯ ದೂರು ಇಷ್ಟು. ಹುಡುಗಿ ಎಸ್‌ಎಸ್‌ಎಲ್‌ಸಿಯಲ್ಲಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 625ಕ್ಕೆ 590 ಅಂಕ ಬಂದಿತ್ತು. ತಂದೆ ತಂದಿದ್ದ ಫೈಲಿನಲ್ಲಿ ಆ 590ರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಸ್ಕೇಲ್ ಹಿಡಿದು ಗೆರೆ ಎಳೆದ ಹಾಳೆಯಲ್ಲಿ ಕಳೆದುಹೋದ 35 ಅಂಕಗಳ ಪಟ್ಟಿಯಿತ್ತು: ವಿಷಯ, ಪ್ರಶ್ನೆಯ ಸಂಖ್ಯೆ, ಹೋದ ಅಂಕ, ಕಾರಣ. ಕಾರಣದ ಕೆಳಗೆ ಹೆಚ್ಚುಕಡಿಮೆ ಎಲ್ಲ ಸಾಲಿನಲ್ಲೂ ‘ಅಜಾಗ್ರತೆ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಜಿಲ್ಲಾ ಕೇಂದ್ರವೊಂದರಲ್ಲಿ ವಾಸ. ತಂದೆ ಸಹಕಾರ ಸಂಘದಲ್ಲಿ ಲೆಕ್ಕಿಗರು, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಜೊತೆಗೆ ಅಜ್ಜಿ.

ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡಾಗ ಅವಳು ಮೊದಲು ಕೇಳಿದ್ದು, ‘ನಾನು ಹೇಳಿದ್ದನ್ನೆಲ್ಲ ಅಪ್ಪನಿಗೆ ಹೇಳುತ್ತೀರಾ?’ ಎಂದು. ನಿನ್ನ ಪ್ರಾಣಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ಹೇಳಬೇಕಾಗುತ್ತದೆ, ಉಳಿದದ್ದು ನಿನ್ನ ಒಪ್ಪಿಗೆಯಿಲ್ಲದೆ ಹೊರಗೆ ಹೋಗುವುದಿಲ್ಲ ಎಂದೆ. ಆಮೇಲೆ ಮಾತು ಬಂತು. ನೋಟ್‌ಬುಕ್ಕಿನಲ್ಲಿ ಒಂದು ಅಕ್ಷರ ತಿದ್ದಬೇಕಾಗಿ ಬಂದರೂ ಅವಳು ಪುಟವನ್ನೇ ಹರಿದು ಮೊದಲಿನಿಂದ ಬರೆಯುತ್ತಾಳೆ. ಹಾಗಾಗಿ ಮಲಗುವಾಗ ಮಧ್ಯರಾತ್ರಿ. ಅಂಕ ಕಡಿಮೆ ಬಂದ ಕಿರುಪರೀಕ್ಷೆಯ ಹಾಳೆಗಳು ಗೆಳತಿಯ ಚೀಲದಲ್ಲಿವೆ. ‘ತಪ್ಪಾದರೆ ಅಪ್ಪ ಬೈಯುವುದಿಲ್ಲ. ಅವರ ಮುಖ ಬಿಳಿಚಿಕೊಳ್ಳುತ್ತದೆ. ಬೈದಿದ್ದರೆ ವಾಸಿಯಿತ್ತು.’

ಈ ಮಾತು ಕೇಳಿದ ಮೇಲೆ ಇದು ಶಿಸ್ತಿನ ಅಪ್ಪನ ಕಥೆಯಲ್ಲ ಎಂದು ನನಗೆ ಖಚಿತವಾಯಿತು. ಕೋಪಿಷ್ಠನ ಮುಖ ಕೆಂಪಾಗುತ್ತದೆ, ಬಿಳಿಚಿಕೊಳ್ಳುವುದು ಹೆದರಿದವನ ಮುಖ.

ತಾಯಿಗೆ ಸಂಜೆ ಐದಾಯಿತೆಂದರೆ ಎದೆ ಹೊಡೆದುಕೊಳ್ಳುತ್ತದಂತೆ. ಗಂಡ ಬರುವಷ್ಟರಲ್ಲಿ ಚಪ್ಪಲಿಗಳು ಸಾಲಾಗಿರಬೇಕು, ಸಿಲಿಂಡರಿನ ರೆಗ್ಯುಲೇಟರ್ ಆರಿಸಿರಬೇಕು, ಅಜ್ಜಿಯ ಮಾತ್ರೆಗಳು ವಾರಗಳ ಹೆಸರಿರುವ ಡಬ್ಬಿಯಲ್ಲಿ ತಪ್ಪಿಲ್ಲದೆ ಕೂತಿರಬೇಕು. ಅವರು ನೋಡುವ ಮೊದಲೇ ಮಗಳ ಚೀಲವನ್ನು ತಾವೇ ಒಮ್ಮೆ ಶೋಧಿಸುತ್ತಾರೆ. ಮನೆಯಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ‘ಅಪ್ಪನಿಗೆ ಗೊತ್ತಾಗಬಾರದು’. ಮಗಳು ಸುಳ್ಳನ್ನು ಹೊರಗಿನಿಂದ ಕಲಿತು ಬಂದಿರಲಿಲ್ಲ.

ಅಜ್ಜಿಯನ್ನು ಕರೆತರಲು ತಂದೆಗೆ ಇಷ್ಟವಿರಲಿಲ್ಲ. ವಯಸ್ಸಾದವರಿಗೆ ಯಾಕೆ ತೊಂದರೆ ಎಂದರು. ನಾನು ಪಟ್ಟು ಹಿಡಿದೆ. ಆಕೆ ಬಂದು ಕುಳಿತು, ನಾನು ಕೇಳುವ ಮೊದಲೇ ಹೇಳಿದರು: ‘ದೊಡ್ಡವನು ನೊಂದುಕೊಳ್ಳುತ್ತಾನೆಂದು ಚಿಕ್ಕವನ ಹೆಸರೆತ್ತುವುದನ್ನೇ ಬಿಟ್ಟಿದ್ದೇನೆ. ಹೆತ್ತವಳಿಗೆ ಅಳುವುದಕ್ಕೂ ಜಾಗವಿಲ್ಲ.’ ಆ ಮನೆಯಲ್ಲೊಬ್ಬ ಚಿಕ್ಕಪ್ಪನಿದ್ದ ಎಂಬುದು ನನಗೆ ತಿಳಿದದ್ದೇ ಆಗ. ಉಳಿದ ಮೂವರಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

2021ರ ಮೇ ತಿಂಗಳು, ಕೋವಿಡ್‌ನ ಎರಡನೇ ಅಲೆ. ಬೆಂಗಳೂರಿನಿಂದ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಮ್ಮನಿಗೆ ಜ್ವರ ಬಂತು. ಅಣ್ಣ ನೋಟ್‌ಬುಕ್ ಇಟ್ಟು ಎರಡು ಗಂಟೆಗೊಮ್ಮೆ ಆಮ್ಲಜನಕದ ಮಟ್ಟ ಬರೆದರು. ಮುಂದಿನ ಭೇಟಿಯಲ್ಲಿ ಆ ಪುಸ್ತಕ ನನ್ನ ಮೇಜಿನ ಮೇಲಿತ್ತು. 96, 95, 95, 94. ರಾತ್ರಿ ಹನ್ನೊಂದಕ್ಕೆ 92, ಪಕ್ಕದಲ್ಲಿ ‘ಬೆಳಿಗ್ಗೆ ಆಸ್ಪತ್ರೆಗೆ’. ಬೆಳಿಗ್ಗೆ 84. ಐದನೆಯ ದಿನ ತಮ್ಮ ಹೋದರು. ಮುಖ ನೋಡಲು ಆಗಲಿಲ್ಲ. ಹನ್ನೊಂದನೆಯ ದಿನಕ್ಕೂ ವೈಕುಂಠ ಸಮಾರಾಧನೆಗೂ ಯಾರೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಸಾವಿನ ಮನೆಗೆ ಜನ ಬಂದು, ಕೂತು, ಹೋದವನ ಸುದ್ದಿಯನ್ನೇ ಹತ್ತು ಸಲ ಆಡಿ ಹೋಗುವ ನಮ್ಮ ಪದ್ಧತಿಗೆ ದೊಡ್ಡ ಅರ್ಥವಿದೆ. ಆ ವರ್ಷ ಸಾವಿರಾರು ಮನೆಗಳಿಗೆ ಅದು ದಕ್ಕಲಿಲ್ಲ.

‘ಆ ರಾತ್ರಿಯೇ ಹೊರಟಿದ್ದರೆ ಬದುಕುತ್ತಿದ್ದ ಮೇಡಂ. ನನ್ನ ಅಜಾಗ್ರತೆ.’ ಮಗಳ ಹಾಳೆಯಲ್ಲಿದ್ದದ್ದೂ ಇದೇ ಪದ.

ಪ್ರೀತಿಪಾತ್ರರನ್ನು ಕಳೆದುಕೊಂಡ ದುಃಖ ಕಾಯಿಲೆಯಲ್ಲ. ಆದರೆ ಹೋದವರಿಗಾಗಿ ತೀವ್ರ ಹಂಬಲ ಅಥವಾ ಸದಾ ಅವರದೇ ಆಲೋಚನೆ, ಜೊತೆಗೆ ತಪ್ಪಿತಸ್ಥ ಭಾವದಂಥ ನೋವು ಮಾಸದೆ ನಿಂತು ದಿನನಿತ್ಯದ ಬದುಕನ್ನೇ ಕೆಡಿಸಿದರೆ ಅದನ್ನು ‘ದೀರ್ಘಕಾಲೀನ ಶೋಕ’ದ ತೊಂದರೆ ಎಂದು ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವಾದ ಐಸಿಡಿ-11 ಇದಕ್ಕೆ ಕನಿಷ್ಠ ಆರು ತಿಂಗಳೆನ್ನುತ್ತದೆ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಾದ ಡಿಎಸ್‌ಎಂನ 2022ರ ಪರಿಷ್ಕರಣೆ ವಯಸ್ಕರಿಗೆ ಒಂದು ವರ್ಷವೆನ್ನುತ್ತದೆ. ಇವರು ಬಂದಾಗ ಎರಡೂವರೆ ವರ್ಷ ಕಳೆದಿತ್ತು. ಅಳು ಕಾಣಿಸದ ಕಾರಣ ‘ಗಟ್ಟಿ ಮನುಷ್ಯ’ ಎಂದು ಬಂಧುಗಳು ಹೊಗಳಿದ್ದರು. ಅಳು ಮಾತ್ರವೇ ಶೋಕದ ಗುರುತು ಎಂದುಕೊಂಡದ್ದರಿಂದ ಬಂದ ಹೊಗಳಿಕೆ ಅದು. ಇವರ ಶೋಕ ಕಾವಲಾಗಿ ಮಾರ್ಪಟ್ಟಿತ್ತು. ಒಂದು ಅಂಕಿಯನ್ನು ಕಡೆಗಣಿಸಿದ್ದಕ್ಕೆ ತಮ್ಮ ಹೋದ, ಇನ್ನೊಂದನ್ನು ಕಡೆಗಣಿಸಿದರೆ ಇನ್ಯಾರೋ ಹೋಗುತ್ತಾರೆ ಎಂಬ ಲೆಕ್ಕ.

ಪರಿಪೂರ್ಣತೆಯ ಹಟದ ಬಗ್ಗೆ ಮನಶ್ಶಾಸ್ತ್ರಜ್ಞರಾದ ಹೆವಿಟ್ ಮತ್ತು ಫ್ಲೆಟ್ 1991ರಲ್ಲಿ ಮಾಡಿದ ವಿಂಗಡಣೆ ಈ ಮನೆಗೆ ಚೆನ್ನಾಗಿ ಹೊಂದುತ್ತದೆ: ತನ್ನಿಂದಲೇ ಬಯಸುವುದು, ಇತರರಿಂದ ಬಯಸುವುದು, ಇತರರು ತನ್ನಿಂದ ಬಯಸುತ್ತಾರೆಂದು ನಂಬುವುದು. ಮೊದಲಿನ ಎರಡು ತಂದೆಯಲ್ಲಿದ್ದವು. ಮೂರನೆಯದು ಮಗಳ ಹೊಟ್ಟೆನೋವಾಗಿತ್ತು.

‘ನಿಮ್ಮ ತಪ್ಪೇನೂ ಇಲ್ಲ’ ಎಂದು ನಾನು ಅವರಿಗೆ ಹೇಳಲಿಲ್ಲ. ಎಲ್ಲರೂ ಅದನ್ನೇ ಹೇಳಿದ್ದರು, ಅದು ಅವರೊಳಗೆ ಇಳಿದಿರಲಿಲ್ಲ. ಆ ರಾತ್ರಿ ಹನ್ನೊಂದರಿಂದ ಬೆಳಗಿನವರೆಗೆ ಏನೇನಾಯಿತೆಂದು ನಿಧಾನವಾಗಿ ಹೇಳಿಸಿದೆ. ಗೊತ್ತಿದ್ದ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿದ್ದರು, ಎಲ್ಲಿಯೂ ಹಾಸಿಗೆಯಿರಲಿಲ್ಲ. ಆಂಬುಲೆನ್ಸ್ ಬೆಳಿಗ್ಗೆಯೇ ಎಂದಿತ್ತು. ತಮ್ಮ ಗಂಜಿ ಕುಡಿದು, ‘ಅಣ್ಣ, ನೀನು ಮಲಗು’ ಎಂದಿದ್ದ. ಇದ್ಯಾವುದೂ ಪುಸ್ತಕದಲ್ಲಿ ಇರಲಿಲ್ಲ, ಅಂಕಿಗಳಷ್ಟೇ ಇದ್ದವು. ಉಳಿದ ಖಾಲಿ ಪುಟಗಳಲ್ಲಿ ಇದನ್ನೆಲ್ಲ ಬರೆಯಿರಿ ಎಂಬುದು ಅವರಿಗೆ ಕೊಟ್ಟ ಮೊದಲ ಸಲಹೆ. ಬರೆಯುತ್ತ ಅವರು ಅತ್ತರೆಂದು ಹೆಂಡತಿಯಿಂದ ತಿಳಿಯಿತು. ಸಾಯುವ ಆಲೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲ ಎಂದರು. ನಿದ್ರೆ ಪೂರ್ತಿ ಕೆಟ್ಟಿದ್ದರಿಂದ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಊರಿನಲ್ಲಿ ಮನೋವೈದ್ಯರಿಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡುತ್ತಾರೆ.

ಮನೆಗೆ ಕೊಟ್ಟ ಸಲಹೆಗಳು ನೋಡಲು ಸಣ್ಣವು. ದಿನಕ್ಕೊಂದು ಕೆಲಸವನ್ನು ಬೇಕೆಂದೇ ಅರ್ಧಕ್ಕೆ ಬಿಡುವುದು: ರಾತ್ರಿಯ ಲೋಟಗಳು ಸಿಂಕಿನಲ್ಲೇ ಉಳಿಯಲಿ, ಚಪ್ಪಲಿ ಅಡ್ಡಾದಿಡ್ಡಿ ಇರಲಿ. ತಂದೆಗೆ ಕಳವಳ ಏರುತ್ತದೆ. ಅದು ತಾನಾಗಿ ಇಳಿಯುವವರೆಗೆ ಎದ್ದು ಹೋಗಿ ಸರಿಪಡಿಸಬಾರದು. ಗ್ಯಾಸ್ ಮತ್ತು ಮಾತ್ರೆಗಳನ್ನು ಈ ಅಭ್ಯಾಸಕ್ಕೆ ಸೇರಿಸಲಿಲ್ಲ. ಅವುಗಳನ್ನು ಒಮ್ಮೆ ನೋಡಬಹುದು, ಎರಡನೆಯ ಸಲ ಬೇಡ. ತಾಯಿಗೆ, ಮಗಳ ಚೀಲ ಶೋಧಿಸುವುದನ್ನು ನಿಲ್ಲಿಸಿ ಎಂದೆ. ‘ಮನೆ ಶಾಂತವಾಗಿರಲಿ ಅಂತ ತಾನೆ ಮಾಡುತ್ತಿದ್ದೆ’ ಎಂದರು ಅವರು. ನಿಜ, ಒಳ್ಳೆಯ ಉದ್ದೇಶವೇ. ಆದರೆ ಆ ಶಾಂತಿಯ ಬೆಲೆಯನ್ನು ಹದಿನೈದರ ಹುಡುಗಿ ತೆರುತ್ತಿದ್ದಳು. ತಂದೆ ಮಗಳ ಪುಸ್ತಕ ನೋಡುವುದು ಅವಳು ಕೇಳಿದಾಗ ಮಾತ್ರ. ತಿದ್ದಿದ ಅಕ್ಷರವಿರುವ ಪುಟವನ್ನು ಅವಳು ಹರಿಯಬಾರದು, ಹಾಗೆಯೇ ಶಾಲೆಗೆ ಒಯ್ಯಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಚಿಕ್ಕಪ್ಪನ ಹೆಸರು ಮನೆಯೊಳಗೆ ಮತ್ತೆ ಕೇಳಿಸುವುದು. ಬೀರುವಿನಲ್ಲಿದ್ದ ಫೋಟೊ ಹೊರಗೆ ಬಂತು. ವಾರಕ್ಕೊಂದು ಸಂಜೆ ಅಜ್ಜಿ ತಮ್ಮ ಕಿರಿಮಗನ ಬಗ್ಗೆ ಮಾತನಾಡಬೇಕು, ದೊಡ್ಡ ಮಗ ಎದ್ದುಹೋಗದೆ ಕುಳಿತು ಕೇಳಬೇಕು ಎಂದಿದ್ದೆ. ಮೊದಲ ವಾರ ಅವರು ಅರ್ಧದಲ್ಲಿಯೇ ಎದ್ದರು. ಮುಂದಿನ ವಾರ, ಗಣಿತದಲ್ಲಿ ಫೇಲಾಗಿ ಚಿಕ್ಕಪ್ಪ ಅಟ್ಟದ ಮೇಲೆ ಅಡಗಿಕೊಂಡ ಕಥೆಯನ್ನು ಅಜ್ಜಿ ಹೇಳಿದಾಗ, ‘ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಕೊಟ್ಟವನು ನಾನೇ’ ಎಂದು ಇವರೇ ಸೇರಿಸಿದರಂತೆ. ಮಗಳು ಇದನ್ನು ನನಗೆ ಎರಡು ಸಲ ಹೇಳಿದಳು.

ಹುಡುಗಿಗೆ ಬೇರೆ ಚಿಕಿತ್ಸೆಯೇನೂ ಬೇಕಾಗಲಿಲ್ಲ. ಹೊಟ್ಟೆನೋವಿಗೆ ದೈಹಿಕ ಕಾರಣವಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡೆವು. ಇಂಥ ಪ್ರಕರಣಗಳಲ್ಲಿ ಅದನ್ನು ಬಿಡಬಾರದು. ತಂದೆ ಈಗಲೂ ರಾತ್ರಿ ಎದ್ದು ಎಲ್ಲರೂ ಉಸಿರಾಡುತ್ತಿದ್ದಾರೆಯೇ ಎಂದು ನೋಡುತ್ತಾರೆ, ಮೊದಲಿಗಿಂತ ಕಡಿಮೆ. ಮುಂದಿನ ತಿಥಿಗೆ ಅಂದು ಬರಲಾಗದ ಬಂಧುಗಳನ್ನೂ ತಮ್ಮನ ಗೆಳೆಯರನ್ನೂ ಕರೆಯಿರಿ, ಬಡಿಸುವ ಉಸ್ತುವಾರಿ ಬೇರೆಯವರಿಗೆ ಬಿಟ್ಟು ನೀವೂ ಪಂಕ್ತಿಯಲ್ಲಿ ಕುಳಿತು ಊಟಮಾಡಿ ಎಂದು ಹೇಳಿದ್ದೇನೆ. ಕರೆಯುವುದಕ್ಕೆ ಒಪ್ಪಿದ್ದಾರೆ; ಕೂರುವುದರ ಬಗ್ಗೆ ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.