ಮರಳು ಮಿಶ್ರಿತ ಒಣ ಮಣ್ಣಿನ ಕೈತೋಟದಲ್ಲಿ ಅಗ್ನಿಶಿಖೆಯನ್ನು ಬೆಳೆಸಬಹುದೇ?

ಖಂಡಿತ ಬೆಳೆಸಬಹುದು. ಗೌರಿ ಹೂವು ಎಂದೂ ಕರೆಯಲಾಗುವ ಅಗ್ನಿಶಿಖೆಗೆ ನೀರು ಬೇಗ ಬಸಿದುಹೋಗುವ ಮರಳು ಮಿಶ್ರಿತ ಕೆಂಪು ಮಣ್ಣೇ ಹೆಚ್ಚು ಒಗ್ಗುತ್ತದೆ. ನೀರು ನಿಲ್ಲುವ ಎರೆಮಣ್ಣಿನಲ್ಲಿ ಗೆಡ್ಡೆ ಕೊಳೆಯುತ್ತದೆ. ಔಷಧಿಗಾಗಿ ಗೆಡ್ಡೆಗಳನ್ನು ಅತಿಯಾಗಿ ಅಗೆದಿದ್ದರಿಂದ ಕಾಡಿನಲ್ಲಿ ಈ ಬಳ್ಳಿ ವಿರಳವಾಗುತ್ತಿದೆ. ಆದ್ದರಿಂದ ಅಲ್ಲಿಂದ ಕಿತ್ತು ತರದೆ, ನರ್ಸರಿಯಿಂದ ಅಥವಾ ಬೀಜಕ್ಕಾಗಿ ಇದನ್ನು ಬೆಳೆಯುವ ತಮಿಳುನಾಡಿನ ಕೃಷಿಕರಿಂದ ಗೆಡ್ಡೆ ಪಡೆಯುವುದೇ ಸರಿ.

ನೇಗಿಲಿನಂತೆ ಬಾಗಿರುವ ಗೆಡ್ಡೆಯ ಕವಲಿನ ತುದಿಯಲ್ಲಷ್ಟೇ ಮೊಳಕೆಯ ಕಣ್ಣು ಇರುತ್ತದೆ. ಆ ತುದಿ ಮುರಿದರೆ ಆ ಕವಲಿನಿಂದ ಗಿಡ ಬರುವ ಆಸೆ ಬಿಡಬೇಕು. ಮುಂಗಾರು ಆರಂಭವಾದಾಗ ಗೆಡ್ಡೆಯನ್ನು ಆರೇಳು ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿಟ್ಟು, ತುಸು ಎಲೆಗೊಬ್ಬರ ಬೆರೆಸಿದ ಮಣ್ಣು ಮುಚ್ಚಿ, ಪಕ್ಕದಲ್ಲಿ ಒಣರೆಂಬೆಗಳನ್ನು ಅಥವಾ ತಂತಿಬಲೆಯನ್ನು ನಿಲ್ಲಿಸಬೇಕು, ಏಕೆಂದರೆ ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿದು ಮೇಲೇರುತ್ತದೆ, ದಪ್ಪ ಕಂಬವನ್ನು ಅದು ಸುತ್ತಲಾರದು. ಹಸಿರು ಮಿಶ್ರಿತ ಹಳದಿಯಾಗಿ ಅರಳುವ ಹೂವು ದಿನಕಳೆದಂತೆ ಕಡುಗೆಂಪಿಗೆ ತಿರುಗುತ್ತದೆ.

ಮಳೆಗಾಲ ಮುಗಿದು ಬಳ್ಳಿ ಒಣಗಿದಾಗ ಸತ್ತಿತೆಂದು ಅನೇಕರು ನೀರು ಸುರಿಯುತ್ತಾರೆ, ಅದೇ ಅದಕ್ಕೆ ಮಾರಕ. ಗೆಡ್ಡೆ ಮುಂದಿನ ಮುಂಗಾರಿನವರೆಗೆ ಒಣಮಣ್ಣಿನಲ್ಲಿ ಮಲಗಿರಲಿ. ಬೀಜದಿಂದಲೂ ಬೆಳೆಸಬಹುದು, ಆದರೆ ಹೂವಿಗೆ ಮೂರು ನಾಲ್ಕು ವರ್ಷ ಕಾಯಬೇಕು.

ಗಿಡದ ಎಲ್ಲ ಭಾಗಗಳಲ್ಲೂ, ವಿಶೇಷವಾಗಿ ಗೆಡ್ಡೆ ಮತ್ತು ಬೀಜಗಳಲ್ಲಿ, ಕಾಲ್ಚಿಸಿನ್ ಎಂಬ ಪ್ರಾಣಾಂತಕ ವಿಷವಿದೆ. ಗೆಡ್ಡೆ ನೋಡಲು ಗೆಣಸಿನಂತಿರುವುದರಿಂದ ಅಡುಗೆಮನೆಯ ಹತ್ತಿರ ಇಡಲೇಬಾರದು, ಮಕ್ಕಳು, ದನಕರುಗಳು ಓಡಾಡುವಲ್ಲಿ ನೆಡಲೂಬಾರದು.