ಹಣ ಕೇಳಿದ್ದಕ್ಕೇ ಉತ್ತರ ಬಂದಿಲ್ಲ ಅನಿಸುತ್ತದೆ

ಮೂರು ಅಂತರರಾಷ್ಟ್ರೀಯ ನೆಟ್‌ವರ್ಕ್‌ಗಳಿಗೆ ಜನರ ಜೊತೆ ಸೇರಿ ಮಾಡುವ ಸಮುದಾಯ ಸಂಶೋಧನೆಗೆ ಅನುದಾನ ಕೇಳಿ ಬರೆದೆ, ಉತ್ತರವಿಲ್ಲ ಎಂದಿದ್ದೀರಿ. ತೊಂದರೆ ಬಹುಶಃ ಪ್ರಾಜೆಕ್ಟ್‌ನಲ್ಲಿಲ್ಲ, ಕೇಳಿದ್ದರಲ್ಲಿದೆ. ಇಂಥ ಕಡೆ ಜಾಸ್ತಿ ಸಿಗುವುದು ತರಬೇತಿ, ಜೊತೆಗಾರರು, ಹಿಂದೆ ಮಾಡಿದವರ ಅನುಭವ. ನಿಮ್ಮ ಪತ್ರ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನನಗೂ ಮೊದಲ ಸಲ ಹೀಗೇ ಆಗಿತ್ತು.

ಮೊದಲು ಒಂದು ಜನಸಂಘಟನೆಯನ್ನು ಸಮಪಾಲುದಾರರಾಗಿ ಸೇರಿಸಿಕೊಳ್ಳಿ. ಸಮುದಾಯ ಸಂಶೋಧನೆಗೆಂದೇ ಇರುವ ಯುನೆಸ್ಕೋ ಪೀಠದ 'ನಾಲೆಡ್ಜ್ ಫಾರ್ ಚೇಂಜ್' ಒಕ್ಕೂಟದಲ್ಲಿ ಹಬ್ (ಸ್ಥಳೀಯ ತರಬೇತಿ ಕೇಂದ್ರ) ಆಗಲು ವಿಶ್ವವಿದ್ಯಾಲಯ ಮತ್ತು ನಾಗರಿಕ ಸಂಘಟನೆ ಎರಡೂ ಬೇಕು. ಒಬ್ಬ ಪ್ರಾಧ್ಯಾಪಕರ ಆಸಕ್ತಿ ಸಾಲದು.

ಆಮೇಲೆ ಅವರ ಜೊತೆ ಕೂತು ಪ್ರಶ್ನೆಯನ್ನು ಮತ್ತೆ ಬರೆಯಿರಿ. ಇಲ್ಲಿ ಮಾತ್ರ ಆತುರ ಬೇಡ. "ನೀರಿನ ಗುಣಮಟ್ಟದ ಕುರಿತು ಜನರ ಅರಿವು" ಎಂದು ನೀವು ಬರೆದದ್ದನ್ನು ಅವರು "ಈ ಬಾವಿ ನೀರನ್ನು ಮಕ್ಕಳಿಗೆ ಕುಡಿಸಬಹುದಾ?" ಅಂತ ತಿದ್ದಬಹುದು. ಅವರಿಗೆ ಬೇಕಿರುವ ಉತ್ತರ ಅದೇ ಅಲ್ವಾ?

ಈಗ ನೆಟ್‌ವರ್ಕ್ ಆರಿಸಿ. ಜನರ ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಪ್ರಾಜೆಕ್ಟ್ ಮಾಡಬೇಕಿದ್ದರೆ 'ಲಿವಿಂಗ್ ನಾಲೆಡ್ಜ್'. 1970ರ ದಶಕದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿದ ಸೈನ್ಸ್ ಶಾಪ್ ಪದ್ಧತಿಯನ್ನು, ಅಂದರೆ ಜನ ತಂದ ಪ್ರಶ್ನೆಗೆ ಸಂಶೋಧನೆ ಮಾಡಿಕೊಡುವುದನ್ನು, ನಡೆಸಿದವರು ಈ ನೆಟ್‌ವರ್ಕ್‌ನಲ್ಲಿ ಸಿಗುತ್ತಾರೆ. ನಿಮ್ಮ ವಿಶ್ವವಿದ್ಯಾಲಯದ ಮೇಲಧಿಕಾರಿಗಳ ಬೆಂಬಲ ಇಲ್ಲ ಅನ್ನುವುದಾದರೆ 2005ರಲ್ಲಿ ಶುರುವಾದ ಟಾಲ್ವಾರ್ ನೆಟ್‌ವರ್ಕ್, ಸಮಾಜದ ಜೊತೆ ಕೆಲಸ ಮಾಡುವ ವಿಶ್ವವಿದ್ಯಾಲಯಗಳ ಒಕ್ಕೂಟ. ಅದನ್ನು ಸೇರಲು ವಿಶ್ವವಿದ್ಯಾಲಯದ ಮುಖ್ಯಸ್ಥರೇ ಸಹಿ ಹಾಕಬೇಕು, ಹಾಗಾಗಿ ಅವರೂ ಹೊಣೆ ಹೊತ್ತ ಹಾಗಾಗುತ್ತದೆ.

ಹೊಸ ಪತ್ರ ಅರ್ಧ ಪುಟ ಇರಲಿ. ಪ್ರಶ್ನೆ ಏನು, ಜೊತೆಗಾರರು ಯಾರು ಅಂತ ಹೇಳಿ, ಇಂಥದ್ದೇ ಕೆಲಸ ಮಾಡಿದ ಒಬ್ಬರ ಪರಿಚಯ ಮಾಡಿಸಿ ಎಂದಷ್ಟೇ ಕೇಳಿ. ಅನುದಾನದ ಅರ್ಜಿಯನ್ನು ಆ ಮಾತುಕತೆ ಆದ ಮೇಲೆ, ಹಣ ಕೊಡುವ ಸಂಸ್ಥೆಗೇ ಹಾಕಿ.