ಕ್ಲೋರಿನ್ ಫೀಡರ್: ಪೈಪಿಗಿಂತ ಹನಿ ಡಬ್ಬ ಒಳ್ಳೆಯದು

ನೆಲದ ಮೇಲಿನ ಈಜು ಪೂಲ್‌ಗೆ ಕ್ಲೋರಿನ್ ಫೀಡರ್ (ನೀರಿಗೆ ಸ್ವಲ್ಪ ಸ್ವಲ್ಪವೇ ಕ್ಲೋರಿನ್ ಸೇರಿಸುವ ಸಾಧನ) ಮನೆಯಲ್ಲೇ ಮಾಡಲು, ಪಿವಿಸಿ ಪೈಪಿನ ಎರಡೂ ತುದಿ ಮುಚ್ಚಿ, ಒಳಗೆ ಕ್ಲೋರಿನ್ ಮಾತ್ರೆ ಹಾಕಿ, ಪಂಪ್ ಮತ್ತು ಫಿಲ್ಟರ್ ನಡುವೆ ಜೋಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪಂಪ್ ನಿಂತಾಗ ಮಾತ್ರೆ ನಿಂತ ನೀರಿನಲ್ಲೇ ಕರಗುತ್ತಾ ಇರುತ್ತದೆ. ಒಳಗೆ ಗ್ಯಾಸ್ ತುಂಬುತ್ತದೆ, ಮುಚ್ಚಳ ತೆಗೆದಾಗ ನೇರ ಮುಖಕ್ಕೆ ಬರುತ್ತದೆ. ಟ್ರೈಕ್ಲೋರ್ (ಪೂಲ್‌ಗೆ ಬಳಸುವ ಒಂದು ಬಗೆಯ ಕ್ಲೋರಿನ್) ಮಾತ್ರೆ ತುಂಬಾ ಆಮ್ಲೀಯ, ಫಿಲ್ಟರ್‌ನ ಲೋಹದ ಭಾಗಗಳನ್ನೂ ತಿನ್ನುತ್ತದೆ.

ಇದಕ್ಕಿಂತ ಸರಳ ದಾರಿ ಇದೆ. ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಪ್ಲಾಸ್ಟಿಕ್‌ನದೇ ಒಂದು ನಲ್ಲಿ (ಟ್ಯಾಪ್) ಕೂರಿಸಿ, ಮುಚ್ಚಳದಲ್ಲಿ ಸಣ್ಣ ತೂತು ಬಿಡಿ. ದ್ರವ ಕ್ಲೋರಿನ್ ಹಾಕಿ, ನೀರು ಪೂಲ್‌ಗೆ ವಾಪಸ್ ಬರುವ ಜಾಗದ ಹತ್ತಿರ ಹನಿ ಹನಿಯಾಗಿ ಬೀಳಲಿ. ಪಂಪ್ ಓಡುವಾಗ, ಪೂಲ್‌ನಲ್ಲಿ ಯಾರೂ ಇಲ್ಲದಾಗ ಮಾತ್ರ ನಲ್ಲಿ ತೆರೆಯಿರಿ. ಮುಖ್ಯವಾಗಿ, ಡಬ್ಬಕ್ಕೆ ಒಂದು ದಿನದ ಪ್ರಮಾಣಕ್ಕಿಂತ ಜಾಸ್ತಿ ತುಂಬಬೇಡಿ. ನಲ್ಲಿ ಕೆಟ್ಟರೂ ಅಷ್ಟೇ ತಾನೇ ನೀರಿಗೆ ಹೋಗೋದು, ಅಲ್ವಾ? ನಲ್ಲಿಯ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಆಗಾಗ ತೊಳೆಯಿರಿ.

ಮಾತ್ರೆ ಇಟ್ಟಿದ್ದ ಡಬ್ಬವನ್ನು ಮಾತ್ರ ಇದಕ್ಕೆ ಬಳಸಲೇಬೇಡಿ. ಬೇರೆ ಬೇರೆ ಕ್ಲೋರಿನ್ ಬೆರೆತರೆ ವಿಷದ ಗ್ಯಾಸ್ ಬರಬಹುದು, ಸಿಡಿಯಲೂಬಹುದು. ಪೂಲ್‌ಗೆ ಇಳಿಯುವ ಮುಂಚೆ ಟೆಸ್ಟ್ ಕಿಟ್‌ನಲ್ಲಿ ನೋಡಿ: ಕ್ಲೋರಿನ್ 2ರಿಂದ 4 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಇಷ್ಟು ಭಾಗ), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8 ಇರಲಿ.